ಮರ ಕುಂಬಾಗುವುದು ಏಕೆ? ಮಳೆದಿನ ಎಣಿಸಿ ನೋಡೋಣ

ಶಿಕ್ಷಕ ಬಂಧುಗಳೇ, ಆಟಿ ತಿಂಗಳಲ್ಲಿ ಹಂಚಿನ ಮಾಡಿನಡಿ ಪಾಠ ಮಾಡುವಾಗ ಒಮ್ಮೆ ತಲೆಯೆತ್ತಿ ನೋಡಿ. ಹಂಚು ಒಡೆದಲ್ಲಿ ಪಕ್ಕಾಸು ಕಪ್ಪಾಗಿರುತ್ತದೆ, ಪಕ್ಕದ್ದು ಗಟ್ಟಿಯಾಗಿಯೇ ಇರುತ್ತದೆ. ಒಂದೇ ಮರ, ಒಂದೇ ವಯಸ್ಸು. ಯಾಕೆ ಹೀಗೆ ಎಂದು ಮಕ್ಕಳನ್ನು ಕೇಳಿದರೆ "ನೀರು ಬಿದ್ದು ಕುಂಬಾಯ್ತು ಸಾರ್" ಅಂತಾರೆ. ಈ ಉತ್ತರ ಅರ್ಧ ಸರಿ.

ಮರವನ್ನು ತಿನ್ನುವುದು ನೀರಲ್ಲ, ಶಿಲೀಂಧ್ರ. ಅದು ಕಿಣ್ವಗಳಿಂದ ಸೆಲ್ಯುಲೋಸನ್ನು ಒಡೆದು ಆಹಾರ ಮಾಡಿಕೊಳ್ಳುತ್ತದೆ. ಕೆಲವು ಜಾತಿಗಳು ಲಿಗ್ನಿನನ್ನೂ ಬಿಡುವುದಿಲ್ಲ. ಮರದ ತೇವ ಅದರ ಒಣತೂಕದ ಶೇ. 20ಕ್ಕಿಂತ ಕಡಿಮೆಯಿದ್ದರೆ ಶಿಲೀಂಧ್ರ ಬೆಳೆಯದು, ಶೇ. 30 ದಾಟಿದರೆ ಅದಕ್ಕೆ ಹಬ್ಬ. ಶಾಖ 20ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. ನಮ್ಮ ಕರಾವಳಿಯ ಮಳೆಗಾಲ ಇವೆರಡನ್ನೂ ಒಟ್ಟಿಗೆ ಕೊಡುತ್ತದೆ. ನಾರ್ವೆಯ ಬೋರ್ಗುಂಡ್‌ನ ಮರದ ಚರ್ಚು ಸುಮಾರು 800 ವರ್ಷದಿಂದ ನಿಂತಿರುವುದಕ್ಕೆ ಅಲ್ಲಿನ ಚಳಿ ಒಂದು ಕಾರಣ. ಕಲ್ಲಿನ ಅಡಿಪಾಯ ಮತ್ತು ಡಾಂಬರಿನಂಥ ಮರದೆಣ್ಣೆಯ ಲೇಪ ಉಳಿದ ಕಾರಣಗಳು.

ಚಟುವಟಿಕೆ

ಅಮೆರಿಕದ ಮರವಿಜ್ಞಾನಿ ಶೆಫರ್ 1971ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಏಳನೇ ತರಗತಿಯವರೂ ಮಾಡಬಹುದು.

1. ತಿಂಗಳ ಸರಾಸರಿ ಶಾಖದಿಂದ 2 ಕಳೆಯಿರಿ.
2. ಕನಿಷ್ಠ 0.25 ಮಿ.ಮೀ. ಮಳೆ ಬಿದ್ದ ದಿನಗಳಿಂದ 3 ಕಳೆಯಿರಿ. ಉತ್ತರ ಋಣವಾದರೆ ಸೊನ್ನೆ ಹಿಡಿಯಿರಿ.
3. ಎರಡನ್ನೂ ಗುಣಿಸಿ. ಹನ್ನೆರಡು ತಿಂಗಳದ್ದನ್ನು ಕೂಡಿಸಿ 16.7ರಿಂದ ಭಾಗಿಸಿ.

ಮೊತ್ತ 35ಕ್ಕಿಂತ ಕಡಿಮೆಯಾದರೆ ಅಪಾಯ ಕಡಿಮೆ, 65 ದಾಟಿದರೆ ಹೆಚ್ಚು.

ಜುಲೈಯಲ್ಲಿ ಶಾಖ 26, ಮಳೆದಿನ 28 ಎಂದಿಟ್ಟುಕೊಳ್ಳಿ. 24 × 25 = 600; 16.7ರಿಂದ ಭಾಗಿಸಿದರೆ ಸುಮಾರು 36. ಒಂದೇ ತಿಂಗಳಲ್ಲಿ 35ರ ಗಡಿ ದಾಟಿತು! ಒಣನಾಡಿನಲ್ಲಿ ಅದೇ ತಿಂಗಳು ಶಾಖ 27, ಮಳೆದಿನ 8 ಆದರೆ ಬರುವುದು ಬರೀ 7.5. ಸೊಲ್ಲಾಪುರ, ಆದವಾನಿ ಕಡೆಯ ಶಿಕ್ಷಕರು ತಮ್ಮ ಲೆಕ್ಕ ಕಳಿಸಿದರೆ ಮಕ್ಕಳು ಹೋಲಿಸಿ ನೋಡಬಹುದು.

ಗಮನಿಸಿ: ಮಳೆ ಎಷ್ಟು ಸುರಿಯಿತು ಎಂಬುದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ, ಎಷ್ಟು ದಿನ ಸುರಿಯಿತು ಎಂಬುದೇ ಮುಖ್ಯ. ಒಂದು ದಿನದ ಜಡಿಮಳೆಗೆ ನೆನೆದ ಮರ ಬಿಸಿಲಿಗೆ ಒಣಗುತ್ತದೆ. ದಿನಾ ಜಿನುಗಿದರೆ ಒಣಗಲು ಪುರುಸೊತ್ತೇ ಇಲ್ಲ. ನೆಲಕ್ಕೆ ತಾಗದ, ಬಯಲಿಗೆ ಒಡ್ಡಿದ ಮರಕ್ಕೆ ಮಾತ್ರ ಇದು ಅನ್ವಯ. ಒರಲೆಯ ಕಾಟ ಇದರಲ್ಲಿ ಸೇರಿಲ್ಲ.

ಹಿರಿಯರು ಮಾಡಿಗೆ ಇಳಿಜಾರು ಕೊಟ್ಟದ್ದು, ಸೂರು ಉದ್ದ ಬಿಟ್ಟದ್ದು, ಕಂಬವನ್ನು ಕಲ್ಲಿನ ಮೇಲೆ ನಿಲ್ಲಿಸಿದ್ದು ಯಾಕೆ ಎಂದು ಈಗ ಮಕ್ಕಳೇ ಹೇಳಲಿ.

ಕೊನೆಗೊಂದು ಮಾತು. ಮೇ ತಿಂಗಳಲ್ಲೇ ಒಬ್ಬ ಬಡಗಿಯನ್ನು ಕರೆಸಿ, ಪಕ್ಕಾಸಿನ ತುದಿಗೆ ಮೊಳೆ ಚುಚ್ಚಿ ನೋಡಿಸಿ. ಮೊಳೆ ಸಲೀಸಾಗಿ ಇಳಿದರೆ ಆ ಕೋಣೆಯಲ್ಲಿ ಮಕ್ಕಳನ್ನು ಕೂರಿಸಬೇಡಿ. ಬಣ್ಣ ಬಳಿದರೆ ಕುಂಬು ಕಾಣಿಸದು, ಆದರೆ ವಾಸಿಯಾಗದು.