ಮೊದಲು ಸ್ಕ್ರೂಡ್ರೈವರ್, ಆಮೇಲೆ ಬಿಸಿನೀರು, ಕೊನೆಗೆ ಬ್ಲೇಡು

ಸಕಲೇಶಪುರ, ಆಲೂರು ಕಡೆ ಜೋರು ಮಳೆ ಹಿಡಿದರೆ ತೋಟದ ಕೆಲಸ ನಿಲ್ಲುತ್ತದೆ, ಕರೆಂಟು ಹೋಗುತ್ತದೆ, ಬಚ್ಚಲ ಹಂಡೆಯಲ್ಲಿ ನೀರು ಮಾತ್ರ ಕಾಯುತ್ತಿರುತ್ತದೆ. ಅಟ್ಟದ ಡಬ್ಬಿಯಲ್ಲಿ ಹಳೆಯ ಆಕ್ಷನ್ ಬೊಂಬೆಗಳು ಬಿದ್ದಿದ್ದರೆ ಇಳಿಸಲು ಇದೇ ಸಮಯ. ಒಂದರ ತಲೆ ಇನ್ನೊಂದಕ್ಕೆ ಕೂರಿಸಬಹುದು, ಬಾಗಿದ ಕತ್ತಿ ನೆಟ್ಟಗೆ ಮಾಡಬಹುದು, ಅಮೆರಿಕದ ಸೈನಿಕನಿಗೆ ಮಳೆ ತಡೆಯುವ ಎಲೆಯ ಗೊರಬು ಹೊದಿಸಿ ಗದ್ದೆಗಿಳಿಸಬಹುದು. ಹಾಳು ಮಾಡದೆ ಮಾಡಬೇಕು, ಅಷ್ಟೆ.

1. ಮೊದಲು ಬೆನ್ನು ತಿರುಗಿಸಿ ನೋಡಿ. 1982ರಲ್ಲಿ ಹ್ಯಾಸ್ಬ್ರೋ ಕಂಪನಿ ಹೊರತಂದ ಮೂರೂಮುಕ್ಕಾಲು ಇಂಚಿನ ಜಿ.ಐ. ಜೋ ಸಾಲಿನ ಬೊಂಬೆಗಳನ್ನು ನಮ್ಮ ದೇಶದಲ್ಲಿ ಫನ್‌ಸ್ಕೂಲ್ ತಯಾರಿಸಿ ಮಾರಿತು. ತೊಂಬತ್ತರ ದಶಕದಲ್ಲಿ ಬೆಳೆದವರ ಡಬ್ಬಿಯಲ್ಲಿ ಇರುವುದು ಹೆಚ್ಚಾಗಿ ಇವೇ. ಬೆನ್ನಿನ ಒಂದೇ ಒಂದು ಸ್ಕ್ರೂ ಬಿಚ್ಚಿದರೆ ಎದೆ, ಬೆನ್ನು ಎರಡು ಹೋಳಾಗಿ ತಲೆ, ತೋಳು ಕೈಗೆ ಬರುತ್ತವೆ. ಸೊಂಟ, ಕಾಲುಗಳನ್ನು ಮೇಲಕ್ಕೆ ಎಳೆದು ಹಿಡಿದಿರುವುದು ಒಳಗಿನ ಕಪ್ಪು ರಬ್ಬರ್ ಉಂಗುರ. ಮೂವತ್ತು ವರ್ಷದ ರಬ್ಬರು ಒಣಗಿ ಬಿರಿದಿರುತ್ತದೆ, ಮುಟ್ಟಿದರೆ ತುಂಡಾಗುತ್ತದೆ. ಹೆದರಬೇಡಿ; ಅದೇ ಅಳತೆಯ ಉಂಗುರವನ್ನು ಪೈಪು, ನಲ್ಲಿ ಮಾರುವ ಅಂಗಡಿಯಲ್ಲಿ ಹುಡುಕಿ. ಗಡಿಯಾರ ರಿಪೇರಿಯ ಸಣ್ಣ ಸ್ಕ್ರೂಡ್ರೈವರ್ ಸಾಕು. ಇಷ್ಟರಲ್ಲೇ ಮುಗಿಯುವ ಕೆಲಸಕ್ಕೆ ಬ್ಲೇಡು ಎತ್ತುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

2. ಯಾವುದನ್ನು ಮುಟ್ಟಬಾರದು ಎಂದು ಮೊದಲೇ ತೀರ್ಮಾನಿಸಿ. ಬೇರೆ ದೇಶಗಳಲ್ಲಿ ಬಾರದ ಬಣ್ಣಗಳಲ್ಲಿ ಬಂದ ಫನ್‌ಸ್ಕೂಲ್ ಬೊಂಬೆಗಳನ್ನು ಹೊರದೇಶದ ಸಂಗ್ರಾಹಕರೂ ಹುಡುಕುತ್ತಾರೆ. ರಟ್ಟಿನ ಸಮೇತ ಉಳಿದದ್ದು ಹಾಗೇ ಇರಲಿ. ಹೆಬ್ಬೆರಳು ಮುರಿದದ್ದು, ತೊಡೆಸಂದಿ ಸೀಳಿದ್ದು, ಬಣ್ಣ ಹೋದದ್ದು: ಪ್ರಯೋಗಕ್ಕೆ ಅವೇ ಸರಿ.

3. ಪ್ಲಾಸ್ಟಿಕ್ ಯಾವುದೆಂದು ತಿಳಿಯದೆ ಬಿಸಿ ಕೊಡಬೇಡಿ. ಉಗುರಿಗೆ ಸ್ವಲ್ಪ ಬಗ್ಗುವ ತಲೆ, ಕತ್ತಿ, ಬಟ್ಟೆಯ ಭಾಗ ಸಾಮಾನ್ಯವಾಗಿ ಪಿವಿಸಿ. ಟಕ್ ಎಂದು ಸದ್ದು ಮಾಡುವ ಗಟ್ಟಿ ಎದೆ ಸಾಮಾನ್ಯವಾಗಿ ಎಬಿಎಸ್. ಅನುಮಾನವಿದ್ದರೆ ಒಂದು ಲೋಟ ನೀರಿಗೆ ಎರಡು ದೊಡ್ಡ ಚಮಚ ಉಪ್ಪು ಕರಗಿಸಿ, ಸಣ್ಣ ಚೂರೊಂದನ್ನು ಹಾಕಿ, ಅಂಟಿದ ಗಾಳಿಗುಳ್ಳೆ ಒರೆಸಿ ನೋಡಿ. ಎಬಿಎಸ್ ತೇಲುತ್ತದೆ, ಪಿವಿಸಿ ಮುಳುಗುತ್ತದೆ.

4. ಕುದಿಯುವ ನೀರೇ ನಿಮ್ಮ ಥರ್ಮಾಮೀಟರು. ಪಿವಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೆತ್ತಗಾಗುತ್ತದೆ, ಬೊಂಬೆಗೆ ಬಳಸುವ ಮೆದು ಬಗೆ ಅದಕ್ಕೂ ಮೊದಲೇ. ಎಬಿಎಸ್‌ಗೆ ನೂರು ದಾಟಬೇಕು, ಸುಮಾರು 105. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅಂದರೆ ನಮ್ಮ ಪಾತ್ರೆಯ ನೀರು ಎಷ್ಟೇ ಕುದಿದರೂ ತಲೆಯನ್ನು ಸಡಿಲಿಸುತ್ತದೆ, ಎದೆಯನ್ನು ಕರಗಿಸುವುದಿಲ್ಲ. ಇದಕ್ಕಿಂತ ಕ್ಷೇಮದ ಬಿಸಿ ಬೇರೆ ಬೇಕೆ? ಬೆನ್ನಿನಲ್ಲಿ ಸ್ಕ್ರೂ ಇಲ್ಲದ ಬೊಂಬೆಯಾದರೆ ಒಲೆಯಿಂದ ಇಳಿಸಿದ ನೀರಿನಲ್ಲಿ ತಲೆಕೆಳಗಾಗಿ ಒಂದು ನಿಮಿಷ ಅದ್ದಿ, ತಲೆಯನ್ನು ಬಟ್ಟೆಯಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ತಿರುಚಿದರೆ ಒಳಗಿನ ಗೂಟ ಮುರಿಯುತ್ತದೆ. ಬರದಿದ್ದರೆ ಮತ್ತೆ ಅದ್ದಿ, ಬಲ ಹಾಕಬೇಡಿ. ಹಂಡೆಯ ಸ್ನಾನದ ನೀರು ಇದಕ್ಕೆ ಸಾಲದು.

5. ಬಗ್ಗಿಸಿದ ಕೂಡಲೇ ತಣ್ಣೀರು. ಬಿಸಿಯಲ್ಲಿ ಕೊಟ್ಟ ಭಂಗಿ ತಣ್ಣೀರಿನಲ್ಲಿ ಗಟ್ಟಿಯಾಗುತ್ತದೆ. ಜುಲೈಯಲ್ಲಿ ನಮ್ಮ ನಲ್ಲಿಯ ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಐಸು ಬೇಡ. ಅಚ್ಚಿನಿಂದ ಬಂದ ಮೂಲ ಆಕಾರವನ್ನು ಪಿವಿಸಿ ಮರೆಯುವುದಿಲ್ಲ. ಸೊಟ್ಟಗಾದ ಬಂದೂಕನ್ನು ಬಿಸಿನೀರಿಗೆ ಹಾಕಿದರೆ ತಾನೇ ನೆಟ್ಟಗಾಗುವುದು ಈ ಗುಣದಿಂದಲೇ. ನೀವು ಬಗ್ಗಿಸಿದ್ದೂ ಬಿಸಿಲಲ್ಲಿ ನಿಂತ ಕಾರಿನೊಳಗೆ ಹಿಂದಕ್ಕೆ ಹೋಗಬಹುದು.

6. ಹೇರ್ ಡ್ರೈಯರ್ ಆಗಬಹುದು, ಹೀಟ್ ಗನ್ ಬೇಡ. ಹೀಟ್ ಗನ್ನಿನ ಗಾಳಿ ಮುನ್ನೂರು ಡಿಗ್ರಿ ದಾಟುತ್ತದೆ, ಮುಖದ ಮೂಗು ಮೊದಲು ಹೋಗುತ್ತದೆ. ಡ್ರೈಯರನ್ನು ಮನೆಯ ಯುಪಿಎಸ್‌ಗೆ ಚುಚ್ಚಬೇಡಿ, ಅಷ್ಟು ಹೊರೆ ತಾಳುವುದಿಲ್ಲ.

7. ಬ್ಲೇಡು ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. 11ನೇ ನಂಬರಿನ ಸರ್ಜಿಕಲ್ ಬ್ಲೇಡು, ಅದಕ್ಕೆ 3ನೇ ನಂಬರಿನ ಹಿಡಿ. ಬಿಸಿಯಾದ ಪಿವಿಸಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಎಬಿಎಸ್ ಎದೆಯ ಮೇಲೆ ಅಚ್ಚಾಗಿರುವ ಗುಂಡಿನ ಚೀಲ ತೆಗೆಯಬೇಕಾದರೆ ತಣ್ಣಗಿರುವಾಗಲೇ, ಒಂದೇ ಸಲಕ್ಕೆ ಅಲ್ಲ, ತೆಳು ಪದರಗಳಾಗಿ ಹೆರೆಯಿರಿ. ಕೈ ಕಡೆಗೆ ಎಂದೂ ಎಳೆಯಬೇಡಿ. ತೋಟದಲ್ಲಿ ಮರಗಸಿ ಮಾಡುವವರು ದೊಡ್ಡ ಕೊಂಬೆಗೆ ಮೊದಲು ಕೆಳಗಿನಿಂದ ಕಚ್ಚು ಹಾಕಿ ಆಮೇಲೆ ಮೇಲಿನಿಂದ ಕಡಿಯುತ್ತಾರೆ, ಸಿಪ್ಪೆ ಸೀಳದಿರಲಿ ಎಂದು. ತೋಳು, ಕಾಲು ಕತ್ತರಿಸುವಾಗಲೂ ಹಾಗೆಯೇ: ಸುತ್ತಲೂ ಗೀರಿ, ಆಮೇಲೆ ಒಳಗಿಳಿಯಿರಿ.

8. ಗರಗಸ ತಿನ್ನುವುದನ್ನು ಲೆಕ್ಕಕ್ಕೆ ಇಡಿ. ಹ್ಯಾಕ್ಸಾ ಬ್ಲೇಡು ಒಂದು ಮಿಲಿಮೀಟರ್‌ನಷ್ಟು ಪ್ಲಾಸ್ಟಿಕ್ಕನ್ನು ಪುಡಿ ಮಾಡುತ್ತದೆ. ಮೂರೂಮುಕ್ಕಾಲು ಇಂಚಿನ, ಅಂದರೆ ಮನುಷ್ಯನ ಹದಿನೆಂಟನೇ ಒಂದು ಅಳತೆಯ ಬೊಂಬೆಯಲ್ಲಿ ಅದು ಮನುಷ್ಯನ ಸುಮಾರು ಎರಡು ಸೆಂಟಿಮೀಟರಿಗೆ ಸಮ, ಕುತ್ತಿಗೆ ಗಿಡ್ಡವಾಗಿ ಕಾಣುತ್ತದೆ. ಅಕ್ಕಸಾಲಿಗರು ಬಳಸುವ ದಾರದಂಥ ಗರಗಸ ಸಿಕ್ಕರೆ ಬಿಡಬೇಡಿ.

9. ತಿರುಗುವ ಯಂತ್ರಕ್ಕೆ ಕಡಿಮೆ ವೇಗ. ಚನ್ನಪಟ್ಟಣದಲ್ಲಿ ತಿರುಗುವ ಹಾಲೆ ಮರದ ಆಟಿಕೆಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಬಣ್ಣ ಹಿಡಿಯುತ್ತದೆ. ಅಲ್ಲಿ ಆ ಕಾವು ಬೇಕು, ಇಲ್ಲಿ ಬೇಡ. ರೋಟರಿ ಟೂಲಿನ ವೇಗ ಹೆಚ್ಚಿದರೆ ಪ್ಲಾಸ್ಟಿಕ್ ಕತ್ತರಿಸುವ ಬದಲು ಕರಗಿ ತುದಿಗೆ ಮೆತ್ತಿಕೊಳ್ಳುತ್ತದೆ. ಐದೈದು ಸೆಕೆಂಡಿಗೆ ನಿಲ್ಲಿಸಿ. ಕನ್ನಡಕ, ಮಾಸ್ಕ್ ಕಡ್ಡಾಯ.

10. ಮಳೆಗಾಲದಲ್ಲಿ ಕತ್ತರಿಸಿ, ಮಳೆ ನಿಂತ ಮೇಲೆ ಬಣ್ಣ ಹಚ್ಚಿ. ಗಾಳಿಯ ತೇವಕ್ಕೆ ಫೆವಿಕ್ವಿಕ್ ಬೇಗ ಹಿಡಿಯುತ್ತದೆ, ಆದರೆ ಸುತ್ತ ಬೂದಿ ಬಳಿದಂತೆ ಬಿಳಿ ಪೊರೆ ಕೂರುತ್ತದೆ. ಹನಿಯನ್ನು ಸೂಜಿಯ ತುದಿಯಲ್ಲಿ ಇಡಿ. ಸಂದು ತುಂಬಲು ಎಂ-ಸೀಲ್ ಒಳ್ಳೆಯದು. ಮೆತ್ತನೆ ಪಿವಿಸಿಗೆ ಎನಾಮಲ್ ಪೇಂಟು ಹಚ್ಚಿದರೆ ಒಳಗಿನ ಮೃದುಕಾರಿ ಮೇಲೆ ಬಂದು ತಿಂಗಳಾದರೂ ಅಂಟು ಹೋಗದಿರಬಹುದು, ಅಕ್ರಿಲಿಕ್ ಬಳಸಿ. ಬಿಸಿನೀರಿಗೆ ಅದ್ದಿದ ಬೊಂಬೆಯನ್ನು ತಲೆ ತೆಗೆದೇ ಒಂದು ದಿನ ಕಾಗದದ ಮೇಲೆ ಇಡಿ. ನೀರು ಒಳಗೆ ನಿಂತರೆ ಸ್ಕ್ರೂ ತುಕ್ಕು ಹಿಡಿಯುತ್ತದೆ.

11. ಇನ್ನು ಗೊರಬು. ನಮ್ಮ ಕಡೆ ನಾಟಿಗೆ ಬಗ್ಗಿದವರ ಬೆನ್ನು ಕಾದ ಇದನ್ನು ಮೂರೂವರೆ ಅಡಿ ಉದ್ದ ಎಂದು ಹಿಡಿದರೂ ಬೊಂಬೆಗೆ ಆರು ಸೆಂಟಿಮೀಟರಿಗೆ ಬಂತು. ಊಟದ ದೊಡ್ಡ ಚಮಚದ ಹಿಂಬದಿಯೇ ಅಚ್ಚು. ಒಣ ಬಾಳೆಪಟ್ಟೆಯ ತೆಳು ಪದರ ನೆನೆಸಿ, ಚಮಚದ ಮೇಲೆ ದಾರದಲ್ಲಿ ಕಟ್ಟಿ, ಪೂರ್ತಿ ಒಣಗಿದ ಮೇಲೆ ಒಳಗಡೆ ತೆಳು ಫೆವಿಕಾಲ್ ಬಳಿಯಿರಿ. ಅಂಚನ್ನು ಕತ್ತರಿಯಿಂದ ಓರೆ ಮಾಡಿ. ಪಟ್ಟೆಯ ಸಣ್ಣ ಗೆರೆಗಳು ಎಲೆ ಹೆಣೆದ ಹಾಗೆ ಕಾಣುತ್ತವೆ, ಪೇಂಟು ಬೇಕಿಲ್ಲ. ರಬ್ಬರ್ ಉಂಗುರದ ಬೊಂಬೆ ಸೊಂಟದಲ್ಲಿ ಬಗ್ಗುವುದರಿಂದ ನಾಟಿಯ ಭಂಗಿ ಸಹಜವಾಗಿ ಬರುತ್ತದೆ. ಬಂದೂಕು ಹಿಡಿಯುವ ಮುಷ್ಟಿಯನ್ನು ಬಿಸಿನೀರಲ್ಲಿ ಹಿಡಿದು ನೋಡಿ. ಮೆತ್ತಗಾದರೆ ಸ್ವಲ್ಪ ಬಿಡಿಸಿ ಸಸಿಯ ಕಟ್ಟು ಸಿಕ್ಕಿಸಿ. ಗೊರಬಿನ ಬದಲು ಹೊದೆಯುವ ಕಂಬಳಿ ಕೊಪ್ಪೆ ಮಾತ್ರ ನಿಜವಾದ ಕಂಬಳಿಯಲ್ಲಿ ಆಗುವುದಿಲ್ಲ, ದಪ್ಪ. ಹಳೆಯ ಹತ್ತಿ ಪಂಚೆಗೆ ಕಪ್ಪು ಬಣ್ಣ ಹಾಕಿ.

12. ಮಾರುವುದಾದರೆ ಬದಲಿಸಿದ್ದನ್ನು ಬದಲಿಸಿದ್ದು ಎಂದೇ ಹೇಳಿ ಮಾರಿ.

13. ಉಳಿದ ಚೂರುಗಳನ್ನು ಬಚ್ಚಲ ಒಲೆಗೆ ಹಾಕಬೇಡಿ. ಕಾಗದ, ತರಗೆಲೆ ಎಲ್ಲ ಅಲ್ಲಿಗೇ ಹೋಗುವುದು ನಮ್ಮ ಅಭ್ಯಾಸ. ಆದರೆ ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊರಡುತ್ತದೆ. ಆ ಹೊಗೆ ಕಣ್ಣು, ಗಂಟಲು ಉರಿಸುತ್ತದೆ, ತೇವ ತಾಗಿದಲ್ಲಿ ಆಮ್ಲವಾಗಿ ತಾಮ್ರದ ಹಂಡೆಯನ್ನೂ ತಿನ್ನುತ್ತದೆ. ಚೂರು, ಪುಡಿ ಎಲ್ಲವನ್ನೂ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ, ಒಣಕಸದ ಗಾಡಿ ಬಂದಾಗ ಕೊಡಿ. ಮುರಿದ ಬ್ಲೇಡಿಗೆ ಬೇರೆ ಡಬ್ಬಿ.