ಜೀವಕೋಶದ ಅನ್ನ

ಹೃದಯದ ರಕ್ತನಾಳದಲ್ಲಿ ನೆತ್ತರು ಹೆಪ್ಪುಗಟ್ಟಿ ಪ್ರಾಣಾಪಾಯ ಒದಗಿದಾಗ, ಆ ಹೆಪ್ಪನ್ನು ಕರಗಿಸುವ ಮದ್ದೊಂದನ್ನು ವೈದ್ಯರು ಕೊಡುವುದುಂಟು. ಅದೊಂದು ಪ್ರೋಟೀನು. ರಸಾಯನಗಳನ್ನು ಬೆರೆಸಿ ಅಷ್ಟು ಜಟಿಲವಾದ ಅಣುವನ್ನು ಕಟ್ಟುವುದು ಸುಲಭವಲ್ಲ. ಆದುದರಿಂದ ಹ್ಯಾಮ್‌ಸ್ಟರ್ ಎಂಬ, ಇಲಿಯನ್ನು ಹೋಲುವ ಪುಟ್ಟ ಪ್ರಾಣಿಯ ಅಂಡಾಶಯದಿಂದ 1957ರ ಸುಮಾರಿಗೆ ಬೇರ್ಪಡಿಸಿದ ಜೀವಕೋಶಗಳ ಸಂತತಿಗೆ ಮಾನವನ ಜೀನನ್ನು ಸೇರಿಸಿ, ಆ ಕೆಲಸವನ್ನು ವಹಿಸಿದರು. 1987ರಲ್ಲಿ ಅಮೆರಿಕದ ಸರಕಾರ ಈ ಮದ್ದಿಗೆ ಒಪ್ಪಿಗೆಯಿತ್ತಿತು.

ದುಡಿಯುವವರಿಗೆ ಉಣಬಡಿಸಬೇಡವೆ? ದೇಹದೊಳಗಿರುವಾಗ ರಕ್ತವೇ ಕೋಶದ ಬಾಗಿಲಿಗೆ ಅನ್ನವನ್ನು ತಂದು ಮುಟ್ಟಿಸುತ್ತದೆ, ಕಸವನ್ನೂ ಹೊತ್ತೊಯ್ಯುತ್ತದೆ. ಗಾಜಿನ ಪಾತ್ರೆಯಲ್ಲಿ ಈ ಉಪಚಾರವೆಲ್ಲ ಮನುಷ್ಯನ ಪಾಲಿಗೆ ಬರುತ್ತದೆ. ಮೊದಮೊದಲು ವಿಜ್ಞಾನಿಗಳು ಪ್ರಾಣಿಗಳ ರಕ್ತದ ದ್ರವವನ್ನೂ ಭ್ರೂಣದ ಸಾರವನ್ನೂ ಎರೆಯುತ್ತಿದ್ದರು. ಕೋಶಗಳು ಬದುಕುತ್ತಿದ್ದುವು; ಯಾವುದನ್ನು ಉಂಡು ಬದುಕಿದುವು ಎಂಬುದು ಮಾತ್ರ ತಿಳಿಯದು.

ಈ ಕತ್ತಲೆಯೊಳಕ್ಕೆ ದೀಪ ಹಿಡಿದವರಲ್ಲಿ ಅಮೆರಿಕದ ಹ್ಯಾರಿ ಈಗಲ್ ಪ್ರಮುಖರು. ಅವರ ವಿಧಾನ ನೋಡುವುದಕ್ಕೆ ಬಹು ಸರಳ. ಪೋಷಕ ದ್ರಾವಣದಿಂದ ಒಂದು ಸಲಕ್ಕೆ ಒಂದೇ ವಸ್ತುವನ್ನು ತೆಗೆದುಬಿಡುವುದು, ಕೋಶಗಳು ಸೊರಗುವುವೇ ಎಂದು ಕಾದು ನೋಡುವುದು. ಇಂಥ ಕೆಲಸಕ್ಕೆ ಪ್ರತಿಭೆಗಿಂತ ತಾಳ್ಮೆಯೇ ಹೆಚ್ಚು ಬೇಕೆಂದು ನನಗೆ ತೋರುತ್ತದೆ. 1955ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕುತೂಹಲಕರವಾದುದು: ಕೋಶಗಳಿಗೆ 13 ಅಮೈನೋ ಆಮ್ಲಗಳು ಅತ್ಯಗತ್ಯ. ಅವುಗಳಲ್ಲೊಂದು ಗ್ಲುಟಮಿನ್. ನಮ್ಮ ದೇಹ ಇದನ್ನು ತಾನೇ ತಯಾರಿಸಿಕೊಳ್ಳಬಲ್ಲದು. ಒಡಲಿನಿಂದ ಬೇರ್ಪಟ್ಟ ಆ ಕೋಶಗಳಾದರೋ ಇದಿಲ್ಲದೆ ಬದುಕಲಾರದಾದುವು.

ಆದರೂ ಸೀರಮ್ಮಿನ ಹಂಗು ತಪ್ಪಲಿಲ್ಲ. ಹುಟ್ಟದ ಕರುವಿನ ರಕ್ತದಿಂದ ಪಡೆಯುವ ಈ ದ್ರವದ ಬೆಲೆ ಅಧಿಕ. ಒಂದು ಸಲದ್ದು ಇನ್ನೊಂದು ಸಲದ್ದರಂತೆ ಇರುವುದಿಲ್ಲ. 1986ರಲ್ಲಿ ಬ್ರಿಟನ್ನಿನ ದನಗಳಲ್ಲಿ ಮಿದುಳಿನ ಹೊಸ ರೋಗವೊಂದು ಪತ್ತೆಯಾದ ಮೇಲೆ ಸೋಂಕಿನ ಭಯವೂ ಸೇರಿಕೊಂಡಿತು. ಇನ್ಸುಲಿನ್, ಕಬ್ಬಿಣವನ್ನು ಒದಗಿಸುವ ವಸ್ತು, ಅತ್ಯಲ್ಪ ಸೆಲೀನಿಯಂ ಮೊದಲಾದುವನ್ನು ಬೆರೆಸಿ, ಕ್ರಮೇಣ ಸೀರಮ್ಮನ್ನು ಕೈಬಿಡಲು ಸಾಧ್ಯವಾಯಿತು.

ಹಾಗೆಂದು ಹೇರಳವಾಗಿ ಉಣಿಸಿದರೆ ಕೋಶಗಳು ಹೆಚ್ಚು ದುಡಿಯುವುವೆಂದು ಎಣಿಸಬೇಡಿ. ಸಕ್ಕರೆ ಅತಿಯಾದರೆ ಲ್ಯಾಕ್ಟಿಕ್ ಆಮ್ಲ, ಗ್ಲುಟಮಿನ್ ಅತಿಯಾದರೆ ಅಮೋನಿಯ ತುಂಬಿಕೊಂಡು ಅವು ತಮ್ಮ ಕಸದಲ್ಲಿಯೇ ನಶಿಸುತ್ತವೆ. ಆದ್ದರಿಂದ ಇಂದಿನ ಕಾರ್ಖಾನೆಗಳಲ್ಲಿ ಸಾವಿರಾರು ಲೀಟರಿನ ಪಾತ್ರೆಗಳಿಗೆ ಎರಡು ವಾರಗಳಷ್ಟು ಕಾಲ ಆಹಾರವನ್ನು ಅಳೆದಳೆದು ಹನಿಸುತ್ತಾರೆ. ಒಂದೇ ಮೂಲದಿಂದ ಬಂದ ಎರಡು ಸಂತತಿಗಳಿಗೂ ರುಚಿ ಬೇರೆ. ಒಂದಕ್ಕೆ ಹಿಡಿಸಿದ ಪಾಕ ಇನ್ನೊಂದಕ್ಕೆ ಒಗ್ಗದಿರಬಹುದು. ಹೊಸ ಔಷಧಕ್ಕೆ ಹೊರಟವರು ಬಹುಮಟ್ಟಿಗೆ ಈಗಲ್ಲರಂತೆಯೇ ಕೂಡಿಸಿ, ಕಳೆದು, ಕಾದು ನೋಡಬೇಕಾಗುತ್ತದೆ.