ಸಭಾಕಂಪನ: ಅದರ ಕಾರಣ ಮತ್ತು ನಿವಾರಣೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಜಗಲಿಗಳಲ್ಲಿ ಮಾತಿಗೆ ಎಂದೂ ಬರವಿಲ್ಲ. ಆದರೆ ಅಡಕೆ ಸುಲಿಯುವಲ್ಲಿ ಎಲ್ಲರನ್ನೂ ನಗಿಸುವ ವಿದ್ಯಾರ್ಥಿಯೇ ಶಾಲೆಯ ವೇದಿಕೆಯನ್ನೇರಿದೊಡನೆ ಮೂಕನಾಗುವುದುಂಟು. ನಾಲಗೆ ಒಣಗುತ್ತದೆ, ಅಂಗೈ ಬೆವರುತ್ತದೆ, ಮೊಣಕಾಲುಗಳು ನಡುಗುತ್ತವೆ. ಇದನ್ನೇ ಸಭಾಕಂಪನವೆನ್ನುವರು. ಇದು ಹೇಡಿತನವೇ? ಇದನ್ನು ಹತೋಟಿಗೆ ತರುವ ಬಗೆ ಯಾವುದು? ವಿಚಾರಮಾಡೋಣ.

ಆಗುಂಬೆಯ ಕಾಡಿನಲ್ಲಿ ನಮಗೆ ಹುಲಿಯೊಂದು ಎದುರಾಯಿತೆಂದು ಭಾವಿಸೋಣ. ಅಪಾಯವನ್ನು ಗುರುತಿಸುವಲ್ಲಿ ಮಿದುಳಿನ ಅಮಿಗ್ಡಲವೆಂಬ ಪುಟ್ಟ ಭಾಗಕ್ಕೆ ಮುಖ್ಯ ಪಾತ್ರವಿದೆ. ಅಪಾಯದ ಸೂಚನೆ ದೊರೆತೊಡನೆ ಅನುವೇದನಾ ನರಮಂಡಲ ಚುರುಕಾಗುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಸೇರಿಸುತ್ತವೆ. ಹೃದಯದ ಬಡಿತ ಹೆಚ್ಚಿ, ಕೈಕಾಲುಗಳ ಸ್ನಾಯುಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇದು ಹೋರಾಟಕ್ಕೋ ಪಲಾಯನಕ್ಕೋ ದೇಹವು ಸಜ್ಜಾಗುವ ಕ್ರಮವೆಂದು ವಿವರಿಸಿದನು. ಸಭೆಯಲ್ಲಿ ಹುಲಿಯಿಲ್ಲ, ಆದರೂ ನೂರು ಕಣ್ಣುಗಳು ನಮ್ಮನ್ನೇ ನೋಡುವಾಗ ದೇಹವು ಅದೇ ಸಿದ್ಧತೆಯನ್ನು ನಡೆಸುತ್ತದೆ. ಓಡಲೂ ಹೋರಾಡಲೂ ಎಡೆಯಿಲ್ಲದಿರುವಲ್ಲಿ ಆ ಸಿದ್ಧತೆಯೇ ನಡುಕವಾಗಿ ತೋರುತ್ತದೆ. ಆದುದರಿಂದ ಸಭಾಕಂಪನವು ಹೇಡಿತನವಲ್ಲ. ಅದು ಶರೀರದ ಸಹಜ ಧರ್ಮ.

ಇತರರ ಇರವಿನಿಂದ ಮತ್ತೊಂದು ಪರಿಣಾಮವೂ ಉಂಟು. ಚೆನ್ನಾಗಿ ಕರಗತವಾದ ಕೆಲಸವು ಪರರೆದುರಿನಲ್ಲಿ ಇನ್ನೂ ಸುಗಮವಾಗುತ್ತದೆ, ಅರೆಬರೆ ಕಲಿತದ್ದು ಇನ್ನೂ ಕೆಡುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಜಯಾಂಕ್ 1965ರಲ್ಲಿ ಪ್ರತಿಪಾದಿಸಿದನು. ಮನಸ್ಸಿನಲ್ಲಿಯೇ ಓದಿಕೊಂಡ ಭಾಷಣ ವೇದಿಕೆಯಲ್ಲಿ ಕೈಕೊಡುವುದೇಕೆಂಬುದು ಇದರಿಂದ ತಿಳಿಯುತ್ತದೆ: ಬಾಯಿಗೆ ಅದರ ಅಭ್ಯಾಸವೇ ಆಗಿರುವುದಿಲ್ಲ.

ಇನ್ನು, ನಮ್ಮ ಎದೆಬಡಿತ ಸಭೆಗೆಲ್ಲ ಕೇಳಿಸುತ್ತಿದೆಯೆಂದು ನಮಗನಿಸುತ್ತದೆ. ಇದು ಭ್ರಮೆ. ಸವಿಟ್‌ಸ್ಕಿ ಮತ್ತು ಗಿಲೊವಿಚ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕಾರರು ಊಹಿಸಿದಷ್ಟು ಅವರ ಅಳುಕು ಕೇಳುಗರಿಗೆ ಕಾಣುತ್ತಿರಲಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸಲ್ಪಟ್ಟವರು ಉಳಿದವರಿಗಿಂತ ಚೆನ್ನಾಗಿ ಮಾತನಾಡಿದರು!

ಹಾಗಾದರೆ ಅಭ್ಯಾಸ ಹೇಗೆ? ನಮ್ಮ ಮಲೆನಾಡಿನ ತಾಳಮದ್ದಲೆಯೇ ಒಳ್ಳೆಯ ಪಾಠಶಾಲೆ. ಮಳೆಗಾಲದಲ್ಲಿ ಬಯಲಾಟಕ್ಕೆ ಬಿಡುವಾದಾಗ ಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ಇದು ನಡೆಯುತ್ತದೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಯು ಕುಳಿತಲ್ಲಿಯೇ ಅದರ ಭಾವವನ್ನು ಆಶುವಾಗಿ ಗದ್ಯದಲ್ಲಿ ವಿಸ್ತರಿಸಬೇಕು. ಎದುರಾಳಿಯ ಮಾತಿಗೆ ಉತ್ತರವನ್ನೂ ಕೊಡಬೇಕು. ಕಥೆಯ ದಾರಿ ಮೊದಲೇ ಗೊತ್ತು, ಮಾತು ಮಾತ್ರ ಹೊಸದು. ಪದ್ಯ ಸಾಗುವಷ್ಟು ಹೊತ್ತು ಉಸಿರನ್ನೂ ವಿಚಾರವನ್ನೂ ಕೂಡಿಸಿಕೊಳ್ಳಲು ಬಿಡುವಿರುತ್ತದೆ.

ವಿದ್ಯಾರ್ಥಿಗಳೂ ಇದೇ ಕ್ರಮವನ್ನು ಅನುಸರಿಸಬಹುದು. ಭಾಷಣವನ್ನೆಲ್ಲ ಬಾಯಿಪಾಠ ಮಾಡದೆ, ಮೊದಲ ವಾಕ್ಯವನ್ನೂ ಕೊನೆಯ ವಾಕ್ಯವನ್ನೂ ನಡುವಣ ಮೂರು ನಾಲ್ಕು ಅಂಶಗಳನ್ನೂ ದೃಢಮಾಡಿಕೊಳ್ಳಬೇಕು. ಎದ್ದುನಿಂತು ಗಟ್ಟಿಯಾಗಿ ಹೇಳಿ ರೂಢಿಸಬೇಕು. ಮೊದಲು ಒಬ್ಬ ಗೆಳೆಯನೆದುರು, ಬಳಿಕ ಐದಾರು ಮಂದಿಯೆದುರು, ಅನಂತರ ತರಗತಿಯೆದುರು ಮಾತನಾಡಬೇಕು. ಹೆಸರು ಕರೆಯುವ ಮುನ್ನ ಕೆಲವು ಬಾರಿ ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಟ್ಟರೆ ಹೃದಯದ ವೇಗ ತಗ್ಗುತ್ತದೆ. ನೆಪ ಹೇಳಿ ತಪ್ಪಿಸಿಕೊಳ್ಳುವುದು ಮಾತ್ರ ಸಲ್ಲದು. ಆ ಕ್ಷಣಕ್ಕೆ ನೆಮ್ಮದಿ ದೊರೆತರೂ ಅಂಜಿಕೆ ಇನ್ನಷ್ಟು ಬೇರೂರುತ್ತದೆ. ಪರೀಕ್ಷೆ, ಸಂದರ್ಶನಗಳನ್ನೇ ಬಿಡುವಷ್ಟು ಭಯ ಬಲಿತಿದ್ದರೆ ವೈದ್ಯರ ನೆರವನ್ನು ಪಡೆಯಲು ಸಂಕೋಚ ಬೇಡ. ಇದಕ್ಕೆ ಫಲಕಾರಿಯಾದ ಚಿಕಿತ್ಸೆಗಳಿವೆ.

ಇಷ್ಟು ಶ್ರಮ ಬಹುಮಾನದ ಬಟ್ಟಲಿಗಾಗಿ ಮಾತ್ರವೇ? ಅಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಗೇಣಿಯ ಭತ್ತವನ್ನಳೆಯುವ ಕೊಳಗದ ಅನ್ಯಾಯವನ್ನು ಎದುರಿಸಿ ಸತ್ಯಾಗ್ರಹ ಹೂಡಿದರು. ಅವರನ್ನು ಬೆಂಬಲಿಸಿದ ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾಗಿ, ಅಲ್ಲಿಯೂ ಉಳುವವರ ಪರವಾಗಿ ವಾದಿಸಿದರು. ಅನ್ಯಾಯದ ಅರಿವು ಎದೆಯೊಳಗೇ ಉಳಿದಿದ್ದರೆ ಕೊಳಗದ ಮಾತು ಊರ ಗಡಿಯನ್ನು ದಾಟುತ್ತಿರಲಿಲ್ಲ. ನಾಳೆ ನಮ್ಮ ಊರಿನ ಗ್ರಾಮಸಭೆಯಲ್ಲಿ ಕೆರೆಯ ಬಗೆಗೋ ಶಾಲೆಯ ಬಗೆಗೋ ಎದ್ದುನಿಂತು ಹೇಳಬೇಕಾದವರು ಇಂದಿನ ವಿದ್ಯಾರ್ಥಿಗಳೇ. ಆಗ ಮೊಣಕಾಲು ನಡುಗಿದರೆ ನಡುಗಲಿ. ಹೇಳಬೇಕಾದುದನ್ನು ಹೇಳಿ ಮುಗಿಸೋಣ.